ಅಂಕಿಯ ಜೊತೆಗೆ ಅಳತೆಯನ್ನೂ ಕೇಳಿ



ಸಾರವಾಡದಂಥ ಊರಿನ ಕಿರಾಣಿ ಅಂಗಡಿಯಲ್ಲಿ ನಾವು ಕೇಳುವುದು ಹೇಗೆ? “ಪಾವ್ ಕಿಲೋ ಸಕ್ರಿ ಕೊಡ್ರಿ, ಅರ್ಧಾ ಕಿಲೋ ಶೇಂಗಾ ಕೊಡ್ರಿ” ಎಂದಲ್ಲವೇ? 250 ಗ್ರಾಂ ಎನ್ನುವವರು ಕಡಿಮೆ. ನಮ್ಮ ದೇಶದಲ್ಲಿ ಕಿಲೋ, ಗ್ರಾಂಗಳು ಬಳಕೆಗೆ ಬರತೊಡಗಿದ್ದು 1958ರ ಅಕ್ಟೋಬರಿನಿಂದ. ಸೇರು ಹೋಯಿತು, ‘ಪಾವು’ ಮಾತ್ರ ನಾಲಿಗೆಯಲ್ಲಿ ಉಳಿಯಿತು. ಹಳೆಯ ಪಾವಶೇರು ಸುಮಾರು 233 ಗ್ರಾಂ, ಈಗಿನ ಪಾವ್ ಕಿಲೋ 250.

ಇದು ನಮ್ಮೊಬ್ಬರ ರೂಢಿಯಲ್ಲ. ಇಟಲಿಯ ಗೃಹಿಣಿ ಅಂಗಡಿಯಲ್ಲಿ ‘ಎತ್ತೊ’ ಲೆಕ್ಕದಲ್ಲಿ ಕೇಳುತ್ತಾಳೆ; ಒಂದು ಎತ್ತೊ ಎಂದರೆ 100 ಗ್ರಾಂ. ಆಸ್ಟ್ರಿಯಾದವಳು ‘ಡೆಕಾ’ ಎನ್ನುತ್ತಾಳೆ. ಅದು 10 ಗ್ರಾಂ. ಸ್ವೀಡನ್ನಿನಲ್ಲಿ ಹಿಟ್ಟನ್ನೂ ಡೆಸಿಲೀಟರಿನಲ್ಲಿ, ಅಂದರೆ 100 ಮಿಲಿಲೀಟರಿನ ಅಳತೆಯಲ್ಲಿ, ಅಳೆಯುತ್ತಾರೆ. ಎಲ್ಲವೂ ಮೆಟ್ರಿಕ್ಕೇ, ರೂಢಿ ಮಾತ್ರ ಬೇರೆ ಬೇರೆ.

ಅಂಗಡಿಯ ಮಾತಾದರೆ ನಕ್ಕು ಬಿಡಬಹುದು. ಆದರೆ ಈಗ ಸಣ್ಣ ಊರಿನ ಮಕ್ಕಳೂ ಹೊರದೇಶದಲ್ಲಿ ಮನೆ ಮಾಡಿದ್ದಾರೆ. ಫೋನಿನಲ್ಲಿ ಅಡುಗೆಯ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಬರುತ್ತದೆ. ಅಲ್ಲಿ ಎಚ್ಚರ ಬೇಕು.

“ಅವ್ವಾ, ಕೂಸಿಗೆ ಜ್ವರ ಬಂದಾವ, ಮೂವತ್ತೊಂಬತ್ತು ಅದ” ಎಂದು ಆಸ್ಟ್ರೇಲಿಯಾದಿಂದ ಮಗಳು ಹೇಳಿದಳೆನ್ನಿ. ವಿಜಯಪುರದ ಬಿಸಿಲನ್ನು ನಾವೂ ಸೆಲ್ಸಿಯಸ್ಸಿನಲ್ಲೇ ಹೇಳುತ್ತೇವೆ. ಜ್ವರವನ್ನು ಮಾತ್ರ ಫ್ಯಾರನ್‌ಹೀಟಿನಲ್ಲಿ ನೋಡುವ ರೂಢಿ. ಅವಳ 39 ಎಂದರೆ ನಮ್ಮ 102.2. ಅದು ಸಣ್ಣ ಜ್ವರವಲ್ಲ!

ಇನ್ನು ಸಕ್ಕರೆ ಕಾಯಿಲೆ. ರಕ್ತದಲ್ಲಿರುವ ಸಕ್ಕರೆಯನ್ನು ನಾವು ತೂಕದಿಂದ ಹೇಳುತ್ತೇವೆ: 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಹೇಳುವುದು ಮಿಲಿಮೋಲ್ ಲೆಕ್ಕ. ಅದು ಸಕ್ಕರೆಯ ಅಣುಗಳ ಎಣಿಕೆ. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು ಸಿಗುತ್ತದೆ. ಮಗ ಲಂಡನ್ನಿನಿಂದ ತಂದುಕೊಟ್ಟ ಮೀಟರು 14 ತೋರಿಸಿದರೆ “ಇಷ್ಟೇ ಏನು?” ಎಂದು ಸುಮ್ಮನಾಗಬೇಡಿ, ಅದು 252. ಅದೇ ಮೀಟರು 3.5 ತೋರಿಸಿದರೆ 63. ಸಕ್ಕರೆ ತೀರ ಇಳಿದಿದೆ ಎಂದರ್ಥ.

ಅಡುಗೆಗೂ ಒಂದು ಮಾತು. ‘ಒಂದು ಕಪ್’ ಎಂದರೆ ಆಸ್ಟ್ರೇಲಿಯಾದಲ್ಲಿ 250 ಮಿಲಿಲೀಟರ್, ಜಪಾನಿನಲ್ಲಿ 200. ಊಟದ ದೊಡ್ಡ ಚಮಚೆ ಬ್ರಿಟನ್ನಿನಲ್ಲಿ 15 ಮಿಲಿಲೀಟರ್, ಆಸ್ಟ್ರೇಲಿಯಾದಲ್ಲಿ 20. ಮೂರು ಚಮಚೆ ತುಪ್ಪ ಹಾಕುವಲ್ಲಿ 15 ಮಿಲಿಲೀಟರ್ ಹೆಚ್ಚು ಕಡಿಮೆಯಾದೀತು. ಉಂಡಿಗೆ ಅದರಿಂದ ಕೇಡಿಲ್ಲ. ಆದರೆ ಮಕ್ಕಳ ಔಷಧವನ್ನು ಎಂದೂ ಅಡುಗೆಯ ಚಮಚೆಯಲ್ಲಿ ಅಳೆಯಬೇಡಿ, ಬಾಟಲಿಯೊಂದಿಗೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ.

ಕೆಳಗಿನದನ್ನು ಕತ್ತರಿಸಿ ಫೋನಿನ ಹತ್ತಿರ ಅಂಟಿಸಿಕೊಳ್ಳಿ:

ಜ್ವರ (ಸೆಲ್ಸಿಯಸ್ – ಫ್ಯಾರನ್‌ಹೀಟ್)
37 – 98.6
38 – 100.4
39 – 102.2
40 – 104

ಸಕ್ಕರೆ (ಮಿಲಿಮೋಲ್ – ಮಿಲಿಗ್ರಾಂ)
4 – 72
7 – 126
10 – 180

ಹೊರದೇಶಕ್ಕೆ ಬಾಣಂತನಕ್ಕೆ ಹೊರಟ ತಾಯಂದಿರು ತಮ್ಮ ಸಕ್ಕರೆಯ ಚೀಟಿಯನ್ನು ಜೊತೆಗೆ ಒಯ್ಯಲಿ. ಅಲ್ಲಿಯ ವೈದ್ಯರ ಮುಂದೆ ಬರೀ “ನೂರಾ ಎಂಬತ್ತು” ಎನ್ನದೆ, ಯಾವ ಅಳತೆಯಲ್ಲಿ ಎಂಬುದನ್ನೂ ತೋರಿಸಲಿ. ಯಾರೇ ಅಂಕಿ ಹೇಳಿದರೂ “ಯಾವ ಲೆಕ್ಕದಾಗ?” ಎಂದು ಕೇಳಲು ಸಂಕೋಚ ಬೇಡ.