ಕ್ಯಾನ್ಸರ್ ಭಯಕ್ಕೂ ಚಿಕಿತ್ಸೆ ಬೇಕು: ಆಕ್ಷೇಪಿಸಿದವರಿಗೆ ಉತ್ತರ

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಡೆದ ಕಾರ್ಮಿಕರ ಸಭೆಯೊಂದರಲ್ಲಿ ನಾನು ಆಡಿದ ಮಾತು ಇಷ್ಟೇ. ಬಾಯಿಹುಣ್ಣು, ಕುತ್ತಿಗೆಯ ಸಣ್ಣ ಗಂಟು, ಹೊಟ್ಟೆಯಲ್ಲಿ ಉರಿ ಕಂಡಾಗಲೆಲ್ಲ ಕ್ಯಾನ್ಸರ್ ಇರಬಹುದೆಂದು ನಿದ್ದೆಗೆಡುವವರನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಿದ ಮೇಲೆ, ಮತ್ತೊಂದು ಸ್ಕ್ಯಾನಿಂಗ್ ಬರೆದುಕೊಡುವುದು ಬೇಡ. ಆ ಭಯಕ್ಕೇ ಚಿಕಿತ್ಸೆ ಕೊಡಿ. ಇದಕ್ಕೆ ಆಕ್ಷೇಪಗಳು ಸಾಕಷ್ಟು ಬಂದಿವೆ. ಆಕ್ಷೇಪಿಸಿದವರಲ್ಲಿ ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರಿದ್ದಾರೆ, ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ, ಮಗನ ಜೊತೆ ಆಸ್ಪತ್ರೆ ಅಲೆದು ಸೋತ ತಾಯಿಯೂ ಇದ್ದಾರೆ. ಉತ್ತರ ಕೊಡಲೇಬೇಕು.

ಮೊದಲ ಆಕ್ಷೇಪ ಗುತ್ತಿಗೆದಾರರದು: “ಇದೆಲ್ಲ ಹೊಟ್ಟೆ ತುಂಬಿದವರ ಕಾಯಿಲೆ. ಪಾಳಿ ಕೆಲಸ ಮಾಡುವವನಿಗೆ ಇಂಥ ಚಿಂತೆಗೆಲ್ಲಿದೆ ಪುರುಸೊತ್ತು?”

ಗುಬ್ಬಿ ಕಡೆಯಿಂದ ಬಂದು ಇಲ್ಲಿನ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ ಹುಡುಗನೊಬ್ಬ ನನಗೆ ಗೊತ್ತು. ಅವನ ಸೋದರಮಾವ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ತಿಥಿ ಮುಗಿದಾಗಿನಿಂದ ಅವನು ಬಚ್ಚಲುಮನೆಯ ಕನ್ನಡಿ ಮುಂದೆ ಮೊಬೈಲಿನ ಟಾರ್ಚು ಹಿಡಿದು, ಬಟ್ಟೆಯಿಂದ ನಾಲಿಗೆಯನ್ನು ಹೊರಗೆಳೆದು ನೋಡಿಕೊಳ್ಳತೊಡಗಿದ. ನಾಲಿಗೆಯ ಬುಡದಲ್ಲಿ ಸಾಲಾಗಿ ನಿಂತ ಗುಂಡನೆಯ ಉಬ್ಬುಗಳು ಕಂಡವು. ಅವು ಹುಟ್ಟಿದ ಪ್ರತಿ ಮನುಷ್ಯನ ನಾಲಿಗೆಯಲ್ಲೂ ಇರುವ ರುಚಿಯ ಉಬ್ಬುಗಳು. ಸಾಮಾನ್ಯವಾಗಿ ಯಾರೂ ಅಷ್ಟು ಹಿಂದಕ್ಕೆ ನೋಡಿಕೊಳ್ಳುವುದಿಲ್ಲ, ಅಷ್ಟೇ. ದಂತವೈದ್ಯರು ಏನೂ ಇಲ್ಲ ಎಂದರು, ಕಿವಿ-ಮೂಗು-ಗಂಟಲು ವೈದ್ಯರೂ ಅದನ್ನೇ ಹೇಳಿದರು. ವಾರ ಕಳೆಯುವುದರೊಳಗೆ ದವಡೆಯ ಕೆಳಗೊಂದು ಗಂಟು ಸಿಕ್ಕಿತು. ದಿನವಿಡೀ ಒತ್ತಿ ಒತ್ತಿ ನೋಡಿದ್ದರಿಂದ ಅದು ನೋಯತೊಡಗಿತು. ನೋವೇ ಹೊಸ ಸಾಕ್ಷಿಯಾಯಿತು. ಊಟ ಸೇರದೆ ತೂಕ ಇಳಿಯಿತು. ಅದು ಮತ್ತೊಂದು ಸಾಕ್ಷಿ. ಒಂದೊಂದು ಸಲ ತುಮಕೂರಿಗೋ ಬೆಂಗಳೂರಿಗೋ ಹೋಗಿಬಂದರೆ ಆ ದಿನದ ಕೂಲಿ ಖೋತಾ. ಇವನ ಹೊಟ್ಟೆ ತುಂಬಿತ್ತೇ? ಸಾಲ ಮಾಡಿ ಎಂಡೋಸ್ಕೋಪಿ ಮಾಡಿಸಿಕೊಂಡವನನ್ನು ಹಾಗೆ ಕರೆಯುವುದು ಕ್ರೂರವಾದ ಮಾತು.

ಈ ಭಯ ಯಾರ ಪ್ರಾಣವನ್ನೂ ತೆಗೆದಿಲ್ಲ ಎಂದು ಗುತ್ತಿಗೆದಾರರೇ ಸೇರಿಸಿದರು. ತೆಗೆಯುತ್ತದೆ. ಸ್ವೀಡನ್ನಿನಲ್ಲಿ ಈ ರೋಗಭಯದ ಕಾಯಿಲೆ ಪತ್ತೆಯಾದ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ತೀರಿಕೊಂಡವರು ಈ ಕಾಯಿಲೆ ಇಲ್ಲದವರಿಗಿಂತ ಸರಾಸರಿ ಐದು ವರ್ಷ ಮೊದಲೇ ಸತ್ತಿದ್ದರು, ಆತ್ಮಹತ್ಯೆಯ ಅಪಾಯ ನಾಲ್ಕು ಪಟ್ಟು ಇತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅನುಭವಸ್ಥರಿಂದ ಬಂದದ್ದು. “ನಮ್ಮ ಜನ ಕ್ಯಾನ್ಸರ್ ಮೂರನೇ, ನಾಲ್ಕನೇ ಹಂತಕ್ಕೆ ಹೋದ ಮೇಲೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಸ್ವಲ್ಪ ಭಯ ಇದ್ದರೇ ಬೇಗ ತೋರಿಸಿಕೊಳ್ಳುತ್ತಾರೆ. ನೀವು ಭಯ ಬೇಡ ಎಂದರೆ ಅವರು ಬರುವುದೇ ಇಲ್ಲ.”

ತಡವಾಗಿ ಬರುತ್ತಾರೆ ಎಂಬುದು ನಿಜ, ಆ ಸಂಕಟ ನನಗೂ ಇದೆ. ಆದರೆ ಹೆದರುವವರೇ ಬೇರೆ, ತಡ ಮಾಡುವವರೇ ಬೇರೆ. ಆ ಹುಡುಗನ ಪಕ್ಕದ ಲೈನಿನಲ್ಲೇ ದುಡಿಯುವ ಒಬ್ಬರು ವರ್ಷಗಳಿಂದ ಅಡಿಕೆ, ತಂಬಾಕು ಜಗಿಯುತ್ತಾರೆ. ಖಾರ ತಿಂದರೆ ಅವರ ಬಾಯಿ ಉರಿಯುತ್ತದೆ. ಬಾಯಿಗೆ ಮೂರು ಬೆರಳು ನೇರವಾಗಿ ಹಿಡಿಸುವುದಿಲ್ಲ. ಅವರು ಯಾವ ಆಸ್ಪತ್ರೆಗೂ ಹೋಗಿಲ್ಲ. ಕಳವಳಕ್ಕೆ ನಿಜವಾದ ಕಾರಣ ಇರುವುದು ಅಲ್ಲಿ. ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಘೋಷಿಸಿದೆ. ಅಡಿಕೆ ತೋಟದ ನಡುವೆ ಬದುಕುವ ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಈ ಮಾತು ಕಹಿಯಾದರೂ ಹೇಳದೆ ವಿಧಿಯಿಲ್ಲ. ಗುಟ್ಕಾವನ್ನು ಸರ್ಕಾರ 2013ರಲ್ಲಿ ನಿಷೇಧಿಸಿತು. ಆದರೂ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ತೂಗುತ್ತಿವೆ.

ಇನ್ನೊಂದು ವಿಷಯ. ಭಯ ನೋವಿನ ಹಿಂದೆ ಓಡುತ್ತದೆ. ತುಟಿಯ ಒಳಗೆ ಏಳುವ, ಮುಟ್ಟಿದರೆ ಜೀವ ಹೋಗುವಂಥ ಪುಟ್ಟ ಬಿಳಿ ಹುಣ್ಣು ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಮಾಯುತ್ತದೆ. ಬಾಯಿ ಕ್ಯಾನ್ಸರಿನ ಮೊದಲ ಮಚ್ಚೆ ಅನೇಕರಲ್ಲಿ ನೋಯುವುದೇ ಇಲ್ಲ. ಹೀಗಾಗಿ ಹೆದರಿಸಿದರೆ ಹುಣ್ಣಿನವನು ಹತ್ತು ಸಲ ಆಸ್ಪತ್ರೆಗೆ ಬರುತ್ತಾನೆ, ಮಚ್ಚೆಯವನು ಮನೆಯಲ್ಲೇ ಉಳಿಯುತ್ತಾನೆ. ಜನರಿಗೆ ಬೇಕಾದದ್ದು ಗಟ್ಟಿಯಾದ ಒಂದು ತಿಳಿವಳಿಕೆ: ಬಾಯಿಯ ಹುಣ್ಣಾಗಲಿ ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ ಮೂರು ವಾರ ದಾಟಿದರೆ ತೋರಿಸಿ, ಮೊಲೆಯಲ್ಲಿ ಗಂಟು ಸಿಕ್ಕರೆ ಕಾಯದೆ ತೋರಿಸಿ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅಂದೇ ಹೊರಡಿ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಅಲ್ಲಿ ಫಲ ಕೊಟ್ಟದ್ದು ಹುಡುಕಿಕೊಂಡು ಹೋಗಿ ನೋಡಿದ ಕೆಲಸ.

“ಹಾಗಾದರೆ ಎಲ್ಲ ಪರೀಕ್ಷೆ ಮಾಡಿಸಿಬಿಡಲಿ, ಮನಸ್ಸಿಗೆ ಸಮಾಧಾನವಾದರೂ ಆಗುತ್ತದೆ” ಎಂಬುದು ಮೂರನೆಯವರ ವಾದ. ಆರೋಗ್ಯ ತಪಾಸಣೆ ಪ್ಯಾಕೇಜುಗಳ ಜಾಹೀರಾತು ಹೇಳುವುದೂ ಇದನ್ನೇ. ಆರೋಗ್ಯವಂತರಿಗೂ ಅಂಡಾಶಯದ ಕ್ಯಾನ್ಸರಿಗೆಂದು ಬಳಸುವ ಸಿಎ-125 ಎಂಬ ರಕ್ತ ಪರೀಕ್ಷೆ ಮಾಡಿಬಿಡುತ್ತಾರೆ. ಮುಟ್ಟಿನ ಸಮಯದಲ್ಲಿ, ಗರ್ಭಕೋಶದ ಗಡ್ಡೆಯಿದ್ದರೆ, ಹೊಟ್ಟೆಯ ಕ್ಷಯವಿದ್ದರೆ ಕೂಡ ಅದು ಏರುತ್ತದೆ. ಅಂಕಿಯ ಪಕ್ಕ ಒಂದು ಬಾಣದ ಗುರುತು ಕಂಡರೆ ಸಾಕು, ಹೆದರಿದವರ ಮೇಲೆ ಹಾವು ಎಸೆದಂತಾಗುತ್ತದೆ. ದಕ್ಷಿಣ ಕೊರಿಯಾ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭಿಸಿದಾಗ, ಆಸ್ಪತ್ರೆಗಳು ಅದರ ಜೊತೆಗೆ ಕಡಿಮೆ ದರದಲ್ಲಿ ಥೈರಾಯ್ಡ್ ಸ್ಕ್ಯಾನಿಂಗನ್ನೂ ಮಾಡಿದವು. 2011ರ ಹೊತ್ತಿಗೆ ಅಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 1993ಕ್ಕಿಂತ 15 ಪಟ್ಟು. ಸಾವಿನ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಗಡ್ಡೆಗಾಗಿ ಸಾವಿರಾರು ಜನ ಕತ್ತು ಕೊಯ್ಸಿಕೊಂಡರು. ಇನ್ನು ಸಮಾಧಾನದ ಮಾತು: ವರದಿ ಚೆನ್ನಾಗಿ ಬಂದ ದಿನ ಆ ಹುಡುಗ ನಿರಾಳವಾಗಿ ನಿದ್ದೆ ಮಾಡಿದ. ಮೂರನೇ ದಿನಕ್ಕೆ, “ವರದಿ ಅದಲುಬದಲಾಗಿದ್ದರೆ?” ಎಂಬ ಪ್ರಶ್ನೆ ಎದ್ದಿತು.

ಕಾರ್ಖಾನೆಗಳ ಹೊಗೆ, ನೀರಿನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಎದ್ದ ಪ್ರಶ್ನೆಯನ್ನೂ ನಾನು ತಳ್ಳಿಹಾಕುವುದಿಲ್ಲ. 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾದ ಮೇಲೆ ಇಲ್ಲಿ ಉದ್ದಿಮೆಗಳು ಹೆಚ್ಚುತ್ತಲೇ ಇವೆ. ಸುತ್ತಲಿನ ಬೋರ್‌ವೆಲ್ ನೀರನ್ನು, ಗಾಳಿಯನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿ ಕಚೇರಿಯಲ್ಲಿ ಅಂಟಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳೋಣ, ಸಹಿ ಮಾಡುವವರಲ್ಲಿ ನಾನೂ ಒಬ್ಬ. ಆದರೆ ಆ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕುತ್ತಿಗೆಯಲ್ಲಿ ತಡಕಿ ಹುಡುಕಲಾಗದು.

ಕೊನೆಯ ಆಕ್ಷೇಪ ಆ ತಾಯಿಯದು. “ಮನಸ್ಸಿನ ಡಾಕ್ಟರ್ ಹತ್ತಿರ ಹೋದರೆ ಹುಚ್ಚ ಅಂತಾರೆ ಸ್ವಾಮಿ, ನಾಳೆ ಹೆಣ್ಣು ಕೊಡೋರು ಯಾರು? ಏನೂ ಇಲ್ಲ ಬಿಡು ಮಗಾ ಅಂತ ನಾವೇ ಹೇಳಿಕೊಂಡಿದ್ದರೆ ಸಾಲದಾ?”

ಅಮ್ಮಾ, ನೀವು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೀರಿ, ಅವನು ಹನ್ನೊಂದನೇ ಸಲ ಕೇಳುತ್ತಿದ್ದಾನೆ. ನಿಮ್ಮ ಪ್ರೀತಿಯಲ್ಲಿ ಏನೂ ಕೊರತೆಯಿಲ್ಲ. ಈ ಕಾಯಿಲೆಯ ಸ್ವಭಾವವೇ ಹಾಗೆ, ಪ್ರತಿ ಸಮಾಧಾನವೂ ಮುಂದಿನ ಪ್ರಶ್ನೆಗೆ ದಾರಿ ಮಾಡುತ್ತದೆ. ಇದಕ್ಕೆ ಮಾತಿನ ಚಿಕಿತ್ಸೆ ಇದೆ. ಕನ್ನಡಿ ನೋಡುವುದನ್ನು, ಗಂಟು ಒತ್ತುವುದನ್ನು, ಮನೆಯವರನ್ನು ಕೇಳುವುದನ್ನು ಹಂತ ಹಂತವಾಗಿ ಬಿಡಿಸುತ್ತಾರೆ. ಬೇಕಾದರೆ ಮಾತ್ರೆಯನ್ನೂ ಕೊಡುತ್ತಾರೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 444 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಕೆಲವೇ ಭೇಟಿಗಳ ಇಂಥ ಚಿಕಿತ್ಸೆಯ ಗುಣ ಎರಡು ವರ್ಷದ ನಂತರವೂ ಉಳಿದಿತ್ತು. ಗುಟ್ಟಾಗಿ ಮಾತಾಡಬೇಕೆಂದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಕಾರ್ಖಾನೆಗಳ ಆಡಳಿತದವರಲ್ಲಿ, ಗುತ್ತಿಗೆದಾರರಲ್ಲಿ ನನ್ನ ಕೋರಿಕೆ ಎರಡು. ವರ್ಷದ ಆರೋಗ್ಯ ತಪಾಸಣೆಯಲ್ಲಿ ಪ್ರತಿಯೊಬ್ಬರ ಬಾಯಿ ತೆರೆಸಿ ನೋಡಲು ಒಬ್ಬ ದಂತವೈದ್ಯರನ್ನು ಕೂರಿಸಿ. ಅದೇ ದಿನ, ಪಕ್ಕದ ಕೋಣೆಯಲ್ಲಿ ಒಬ್ಬ ಆಪ್ತಸಮಾಲೋಚಕರನ್ನೂ ಕೂರಿಸಿ. ಅಲ್ಲಿಗೆ ಹೋಗಿ ಬಂದವರ ಕೂಲಿ ಮುರಿಯಬೇಡಿ.