ವಿಲ್ ಬರೆಸಲು ವಕೀಲರು ಬೇಕೇ ಬೇಕಾ? ನಂಬಿಕೆಗಳೇನು, ಕಾನೂನು ಹೇಳುವುದೇನು?

ಮದುವೆ ಮನೆಯಲ್ಲೋ, ತಿಥಿ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲೋ ಆಸ್ತಿಯ ಮಾತು ಬಂದರೆ ಕಾನೂನು ಬಲ್ಲವರಿಗೆ ಬರವೇ ಇರುವುದಿಲ್ಲ. “ಛಾಪಾ ಕಾಗದದಲ್ಲಿ ಬರೆಯದಿದ್ದರೆ ವಿಲ್ ನಿಲ್ಲಲ್ಲ” ಎನ್ನುತ್ತಾರೆ ಒಬ್ಬರು. “ರಿಜಿಸ್ಟರ್ ಮಾಡಿಸಿಬಿಟ್ಟರೆ ಆಮೇಲೆ ಯಾರೂ ಏನೂ ಮಾಡೋಕಾಗಲ್ಲ” ಎಂದು ಇನ್ನೊಬ್ಬರು. “ಬ್ಯಾಂಕಲ್ಲಿ ನಾಮಿನಿ ಹಾಕಿದ್ದೀನಲ್ಲ, ವಿಲ್ ಯಾಕೆ?” ಎಂದು ಮತ್ತೊಬ್ಬರು. ಇದೆಲ್ಲ ಕೇಳಿಸಿಕೊಂಡ ಮನೆಯ ಹಿರಿಯರು ಕೊನೆಗೆ “ವಕೀಲರ ಹತ್ತಿರ ಹೋದರೆ ಇಲ್ಲದ ತಕರಾರು ಹುಟ್ಟುತ್ತೆ, ಇರಲಿ ಬಿಡಿ” ಎಂದು ವಿಷಯವನ್ನೇ ಮುಚ್ಚಿಬಿಡುತ್ತಾರೆ.

ಈ ಮಾತುಗಳಲ್ಲಿ ಒಂದೂ ಪೂರ್ತಿ ಸರಿಯಲ್ಲ. ಹಾಗಂತ ಪ್ರತಿಯೊಬ್ಬರಿಗೂ ವಕೀಲರು ಬೇಕೇ ಬೇಕು ಎನ್ನುವುದೂ ಸರಿಯಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ನೋಡೋಣ.

ಕಾನೂನು ಕೇಳುವುದು ಬಹಳ ಕಡಿಮೆ

ಹಳೆ ಮೈಸೂರಿನ ಕಡೆ ಉಯಿಲು, ಉತ್ತರ ಕರ್ನಾಟಕದಲ್ಲಿ ಮೃತ್ಯುಪತ್ರ, ಹಳೆಯ ದಸ್ತಾವೇಜುಗಳಲ್ಲಿ ಮರಣಶಾಸನ. ಹೆಸರು ಯಾವುದಾದರೂ, ಹಿಂದೂಗಳು ಮತ್ತು ಕ್ರೈಸ್ತರು ಬರೆಯುವ ವಿಲ್‌ಗೆ ಆಧಾರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ 63ನೇ ಕಲಂ ಕೇಳುವುದು ಮುಖ್ಯವಾಗಿ ಎರಡು ಸಂಗತಿ. ಬರೆಸುವವರು ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು, ಅಥವಾ “ಇದು ನನ್ನದೇ ಸಹಿ” ಎಂದು ಅವರ ಬಾಯಿಂದಲೇ ಕೇಳಿ, ಅವರೆದುರಿಗೆ ತಾವೂ ಸಹಿ ಹಾಕಿರಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದೇನೂ ಇಲ್ಲ.

ಛಾಪಾ ಕಾಗದ ಬೇಡ, ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ. ನೋಂದಣಿ ಕಡ್ಡಾಯವಲ್ಲ. ಟೈಪ್ ಮಾಡಿಸಬಹುದು, ಕೈಯಲ್ಲಿ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. ಬದುಕಿರುವಷ್ಟು ಕಾಲ, ಬುದ್ಧಿ ಸ್ವಾಧೀನದಲ್ಲಿರುವಷ್ಟು ಕಾಲ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ವಕೀಲರ ಸಹಿ ಇರಬೇಕು ಎಂಬ ಷರತ್ತು ಎಲ್ಲೂ ಇಲ್ಲ.

ಮುಸ್ಲಿಮರ ಲೆಕ್ಕ ಬೇರೆ. ಅವರ ವೈಯಕ್ತಿಕ ಕಾನೂನಿನಲ್ಲಿ ಬಾಯಿಮಾತಿನ ವಿಲ್ ಕೂಡ ನಡೆಯುತ್ತದೆ. ಆದರೆ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ವಾರಸುದಾರರ ಒಪ್ಪಿಗೆಯಿಲ್ಲದೆ ವಿಲ್ ಮೂಲಕ ಕೊಡುವಂತಿಲ್ಲ.

ಹಾಗಾದರೆ ತೊಡಕು ಎಲ್ಲಿ?

ವಿಲ್ ಬಾಯಿಬಿಡುವುದು ಬರೆದವರು ಇಲ್ಲದಾಗ. “ನೀವು ಹೀಗೆ ಬರೆದಿದ್ದು ಯಾಕೆ?” ಎಂದು ಯಾರೂ ಅವರನ್ನು ಕೇಳಲಾರರು. ಆದ್ದರಿಂದ ಕೋರ್ಟು ಸುತ್ತಮುತ್ತಲಿನ ಸಂದರ್ಭವನ್ನೆಲ್ಲ ಜಾಲಾಡುತ್ತದೆ.

ಈ ವಿಷಯದಲ್ಲಿ ದೇಶದ ಕೋರ್ಟುಗಳು ಇಂದಿಗೂ ನೆನೆಯುವ ತೀರ್ಪು ಬಂದಿದ್ದು ನಮ್ಮದೇ ಮೈಸೂರು ಸೀಮೆಯ ಒಂದು ವಿಲ್‌ನಿಂದ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ ಪ್ರಕರಣ ಅದು, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1958ರಲ್ಲಿ. ವೃದ್ಧ ಮಹಿಳೆಯೊಬ್ಬರು ಬರೆಸಿದ್ದೆನ್ನಲಾದ ವಿಲ್ ಅನ್ನು ಕೋರ್ಟಿನ ಮುಂದಿಟ್ಟವರೇ ಅದನ್ನು ತಯಾರಿಸುವಾಗ ಮುಂದೆ ನಿಂತು ಓಡಾಡಿದ್ದರು. ಅವರ ಕಡೆಯವರಿಗೆ ಅದರಿಂದ ದೊಡ್ಡ ಲಾಭವೂ ಇತ್ತು. ಇಂಥ ಅನುಮಾನಗಳಿದ್ದಾಗ ಬರೀ ಸಹಿ ಸಾಬೀತಾದರೆ ಸಾಲದು, ಆ ಅನುಮಾನಗಳನ್ನು ಕಳೆಯುವ ಹೊಣೆ ವಿಲ್ ಮುಂದಿಟ್ಟವರದೇ ಎಂದಿತು ನ್ಯಾಯಾಲಯ. ಅವರಿಂದ ಅದು ಆಗಲಿಲ್ಲ. ವಿಲ್ ಬಿದ್ದುಹೋಯಿತು.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೆನೆಯಿರಿ. ಅಪ್ಪನನ್ನು ನೋಡಿಕೊಳ್ಳುತ್ತಿರುವ ಮಗನೇ ಟೈಪಿಂಗ್ ಅಂಗಡಿಗೆ ಹೋಗುತ್ತಾನೆ, ಅವನೇ ತನ್ನಿಬ್ಬರು ಸ್ನೇಹಿತರನ್ನು ಸಾಕ್ಷಿಗೆ ಕರೆತರುತ್ತಾನೆ, ಅವನೇ ಆಟೋದಲ್ಲಿ ಅಪ್ಪನನ್ನು ಉಪನೋಂದಣಿ ಕಚೇರಿಗೆ ಕೂರಿಸಿಕೊಂಡು ಹೋಗುತ್ತಾನೆ. ಮನಸ್ಸಿನಲ್ಲಿ ಕಳ್ಳತನವೇನೂ ಇಲ್ಲ, ಮನೆಯಲ್ಲಿ ಇರುವವನೇ ಅವನೊಬ್ಬ. ಆದರೆ ಹತ್ತು ವರ್ಷದ ಮೇಲೆ ತಂಗಿ ದಾವೆ ಹೂಡಿದರೆ ಅವನು ಮಾಡಿದ ಒಂದೊಂದು ಉಪಕಾರವೂ ಒಂದೊಂದು ಅನುಮಾನವಾಗಿ ನಿಲ್ಲುತ್ತದೆ.

ನೋಂದಣಿ ಇಲ್ಲಿ ಸಹಾಯಕ್ಕೆ ಬರುತ್ತದೆ, ಆದರೆ ರಾಮಬಾಣವಲ್ಲ. ಕಾಗದ ಇತ್ತು, ಆ ದಿನ ಅವರು ಅಧಿಕಾರಿಯ ಮುಂದೆ ಹಾಜರಿದ್ದರು ಎನ್ನುವುದಕ್ಕೆ ಅದು ಗಟ್ಟಿ ಪುರಾವೆ. ಉಳಿದ ನೋಂದಾಯಿತ ಪತ್ರಗಳಿಗೆ ಇರುವ ರಿಯಾಯಿತಿ ಮಾತ್ರ ವಿಲ್‌ಗೆ ಇಲ್ಲ: ನೋಂದಾಯಿಸಿದ್ದರೂ ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ಕೋರ್ಟಿನಲ್ಲಿ ವಿಚಾರಣೆ ಮಾಡಿಸಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಎಂಬತ್ತು ದಾಟಿದ ಅಜ್ಜ ತನ್ನದೇ ವಯಸ್ಸಿನ ಇಬ್ಬರು ಗೆಳೆಯರಿಂದ ಸಾಕ್ಷಿ ಹಾಕಿಸುವುದು ಪ್ರೀತಿಯ ಕೆಲಸವೇ ಹೊರತು ಜಾಣತನದ್ದಲ್ಲ. ವಯಸ್ಸಿನಲ್ಲಿ ಚಿಕ್ಕವರು, ವಿಲ್‌ನಿಂದ ಏನೂ ಸಿಗದವರು, ನಾಳೆ ಹುಡುಕಿದರೆ ಸಿಗುವಂಥವರು ಸಾಕ್ಷಿಗಳಾಗಿದ್ದರೆ ಮೇಲು. ಕ್ರೈಸ್ತರ ವಿಲ್‌ನಲ್ಲಂತೂ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ/ಹೆಂಡತಿಗೆ ಬರೆದ ಪಾಲು ಊರ್ಜಿತವೇ ಆಗುವುದಿಲ್ಲ. ಹಿಂದೂಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಅನುಮಾನಕ್ಕಂತೂ ದಾರಿಯಾಗುತ್ತದೆ.

ವಕೀಲರಿಗೆ ಕೊಡುವ ಶುಲ್ಕದ ಬೆಲೆ ಇರುವುದು ಇಲ್ಲಿ ಎನ್ನುವುದು ನಮ್ಮ ಅಭಿಪ್ರಾಯ. ಒಳ್ಳೆಯ ವಕೀಲರು ಮಗನನ್ನು ಹೊರಗೆ ಕೂರಿಸಿ ಅಪ್ಪನ ಜೊತೆ ಒಬ್ಬರೇ ಮಾತಾಡುತ್ತಾರೆ. ಮಗಳಿಗೆ ಯಾಕೆ ಕಡಿಮೆ, ಅವಳ ಮದುವೆಗೆ, ಓದಿಗೆ ಏನು ಕೊಟ್ಟಿದ್ದೀರಿ ಎಂದು ಕೇಳಿ ಆ ಕಾರಣವನ್ನು ವಿಲ್‌ನಲ್ಲೇ ಬರೆಸುತ್ತಾರೆ. ಕಾಯಿಲೆಯಿದ್ದರೆ ವೈದ್ಯರ ಪ್ರಮಾಣಪತ್ರ ತರಿಸುತ್ತಾರೆ. ಬರೆದದ್ದನ್ನು ಅವರ ಭಾಷೆಯಲ್ಲಿ ಓದಿ ಹೇಳುತ್ತಾರೆ. ಇದ್ಯಾವುದೂ ಅಂತರ್ಜಾಲದಿಂದ ಇಳಿಸಿಕೊಂಡ ನಮೂನೆಯಲ್ಲಿ ಇರುವುದಿಲ್ಲ.

ನಾಮಿನಿ, ಖಾತೆ

ನಾಮಿನಿ ಎಂದರೆ ಮಾಲೀಕರಲ್ಲ. ಬ್ಯಾಂಕು ಅಥವಾ ಕಂಪನಿಯಿಂದ ಹಣ ಪಡೆದು ನಿಜವಾದ ವಾರಸುದಾರರಿಗೆ ತಲುಪಿಸಬೇಕಾದವರು. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಮತ್ತೊಮ್ಮೆ ಹೇಳಿತು. ಜೀವವಿಮೆ ಮಾತ್ರ ಸ್ವಲ್ಪ ಭಿನ್ನ: 2015ರ ತಿದ್ದುಪಡಿಯ ನಂತರ ತಂದೆ ತಾಯಿ, ಗಂಡ/ಹೆಂಡತಿ ಅಥವಾ ಮಕ್ಕಳನ್ನು ನಾಮಿನಿ ಮಾಡಿದ್ದರೆ ಆ ಹಣಕ್ಕೆ ಅವರೇ ಹಕ್ಕುದಾರರು. 2025ರ ನವೆಂಬರ್‌ನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕುವ ಅವಕಾಶವೂ ಬಂದಿದೆ. ಅದರಿಂದ ಬ್ಯಾಂಕಿನಲ್ಲಿ ಅಲೆದಾಟ ತಪ್ಪುತ್ತದೆ, ವಾರಸುದಾರಿಕೆ ತೀರ್ಮಾನವಾಗುವುದಿಲ್ಲ. ಖಾತೆ, ಪಹಣಿಯ ವಿಷಯವೂ ಅಷ್ಟೆ. ಪೌತಿ ಖಾತೆ ಹಿರಿಯಣ್ಣನ ಹೆಸರಿಗೆ ಆಯಿತೆಂದ ಮಾತ್ರಕ್ಕೆ ಜಮೀನು ಅವನೊಬ್ಬನದಾಗುವುದಿಲ್ಲ.

ವಿಲ್ ಇಲ್ಲದಿದ್ದರೆ ಯಾರಿಗೆ ಹೋಗುತ್ತದೆ?

“ನನಗಿರುವುದು ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು. ಅವರಿಗಲ್ಲದೆ ಇನ್ಯಾರಿಗೆ ಹೋಗುತ್ತೆ?” ಎನ್ನುವವರು ತಮ್ಮ ತಾಯಿಯನ್ನು ಮರೆತಿರುತ್ತಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಗೂ ಸಮಪಾಲು. ತಂದೆಗೆ ಆ ಮೊದಲ ಸಾಲಿನಲ್ಲಿ ಜಾಗವಿಲ್ಲ. ಮಗನ ಮನೆಯಲ್ಲಿ ಪಾಲು ಪಡೆದ ತಾಯಿ ಮುಂದೆ ತೀರಿಕೊಂಡರೆ ಅವಳ ಪಾಲು ಅವಳ ಉಳಿದ ಮಕ್ಕಳಿಗೂ ಹಂಚಿಹೋಗುತ್ತದೆ. ಬೆಂಗಳೂರಿನ ಒಂದು ಫ್ಲ್ಯಾಟ್ ಮಾರಲು ಐದಾರು ಜನ ಸಹಿ ಹಾಕಬೇಕಾಗಿ ಬರುವುದು ಹೀಗೆ.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಗಂಭೀರ. ಹಿಂದೂ ಮಹಿಳೆಯೊಬ್ಬಳು ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿ, ಗಂಡನೂ ಮಕ್ಕಳೂ ಇಲ್ಲದೆ ಮತ್ತು ವಿಲ್ ಇಲ್ಲದೆ ಅವಳು ತೀರಿಕೊಂಡರೆ, ಹೋಗುವುದು ಗಂಡನ ಕಡೆಯ ವಾರಸುದಾರರಿಗೆ. ಅವಳ ತಂದೆ ತಾಯಿಯ ಸರದಿ ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ಮುಂದಿದ್ದ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣವನ್ನು ಓದಿದರೆ ಹೊಟ್ಟೆ ಉರಿಯುತ್ತದೆ. ಮದುವೆಯಾಗಿ ಮೂರು ತಿಂಗಳಲ್ಲಿ ಹಾವು ಕಚ್ಚಿ ಗಂಡ ತೀರಿಕೊಂಡ. ಅತ್ತೆ ಮನೆಯವರು ಆಕೆಯನ್ನು ಹೊರಹಾಕಿದರು. ತವರಿನವರು ಓದಿಸಿದರು, ಆಕೆ ನೌಕರಿ ಹಿಡಿದು ಆಸ್ತಿ, ಉಳಿತಾಯ ಮಾಡಿದರು. 1996ರಲ್ಲಿ ವಿಲ್ ಬರೆಯದೆ ತೀರಿಕೊಂಡಾಗ ಅದೆಲ್ಲ ಸಂದದ್ದು ಗಂಡನ ಅಕ್ಕತಂಗಿಯ ಮಕ್ಕಳಿಗೆ. ಕಾನೂನಿನ ಮಾತು ಸ್ಪಷ್ಟವಾಗಿರುವಾಗ ಅನುಕಂಪದ ಮೇಲೆ ತೀರ್ಮಾನಿಸಲಾಗದು ಎಂದಿತು ಕೋರ್ಟು. ಇಬ್ಬರು ಸಾಕ್ಷಿಗಳ ಸಹಿಯಿರುವ ಒಂದು ಹಾಳೆ ಇದ್ದಿದ್ದರೆ ಸಾಕಿತ್ತು. ಒಂಟಿಯಾಗಿ ದುಡಿಯುತ್ತಿರುವ, ಗಂಡ ತೀರಿಕೊಂಡ, ಮಕ್ಕಳಿಲ್ಲದ ಹೆಣ್ಣುಮಕ್ಕಳು ವಿಲ್ ಅನ್ನು ‘ವಯಸ್ಸಾದ ಮೇಲೆ’ ಎಂದು ಮುಂದೂಡಬಾರದು.

ಟ್ರಸ್ಟ್ ಮಾಡಬೇಕಾ?

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ “ಅಪ್ಪಾ, ಇಲ್ಲಿ ಎಲ್ಲರೂ ಲಿವಿಂಗ್ ಟ್ರಸ್ಟ್ ಮಾಡ್ತಾರೆ, ನೀವೂ ಮಾಡಿ” ಎಂದು ಹೇಳುವುದುಂಟು. ಅಲ್ಲಿ ಅದಕ್ಕೆ ಕಾರಣಗಳಿವೆ: ಹಲವು ರಾಜ್ಯಗಳಲ್ಲಿ ಪ್ರೊಬೇಟ್ ಎಂಬ ಕೋರ್ಟ್ ಪ್ರಕ್ರಿಯೆ ದುಬಾರಿ ಮತ್ತು ದೀರ್ಘ, ದೊಡ್ಡ ಆಸ್ತಿಗಳ ಮೇಲೆ ಎಸ್ಟೇಟ್ ತೆರಿಗೆಯೂ ಇದೆ. ಭಾರತದಲ್ಲಿ ಅಂಥ ತೆರಿಗೆ 1985ರಲ್ಲೇ ರದ್ದಾಯಿತು. ಕರ್ನಾಟಕದ ಹಿಂದೂಗಳ ಸಾಮಾನ್ಯ ವಿಲ್‌ಗೆ ಪ್ರೊಬೇಟ್ ಕಡ್ಡಾಯವೂ ಅಲ್ಲ. ಮನೆ, ಜಮೀನನ್ನು ಟ್ರಸ್ಟಿಗೆ ಸೇರಿಸಬೇಕಾದರೆ ಪತ್ರ ನೋಂದಣಿ ಆಗಲೇಬೇಕು, ಖರ್ಚೂ ಇದೆ. ಮೈಸೂರಿನಲ್ಲಿ ಒಂದು ಮನೆ, ಒಂದಷ್ಟು ಠೇವಣಿ ಇರುವವರಿಗೆ ಇದು ಬೇಕಿಲ್ಲ.

ನಿಜವಾಗಿ ಬೇಕಾಗುವುದು ಬುದ್ಧಿಮಾಂದ್ಯತೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ತಂದೆ ತಾಯಿಗೆ. ಅಂಥ ಮಗುವಿನ ಹೆಸರಿಗೆ ವಿಲ್‌ನಲ್ಲಿ ಮನೆ ಬರೆದಿಟ್ಟರೆ ಅದನ್ನು ನೋಡಿಕೊಳ್ಳುವವರು ಯಾರು? ತಿಂಗಳ ಖರ್ಚಿಗೆ ಹಣ ತೆಗೆಯುವವರು ಯಾರು? ಇದಕ್ಕೆ ಖಾಸಗಿ ಟ್ರಸ್ಟ್ ಒಂದು ದಾರಿ. ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯಿಂದ ಪೋಷಕರ ನೇಮಕಕ್ಕೂ ಅವಕಾಶವಿದೆ. ಇವೆರಡನ್ನೂ ಹೊಂದಿಸುವುದು ಟೈಪಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಈ ಕ್ಷೇತ್ರದಲ್ಲೇ ಕೆಲಸ ಮಾಡಿದ ವಕೀಲರನ್ನು ಹುಡುಕಬೇಕು.

ವಕೀಲರು ಬೇಕೆನ್ನಿಸುವ ಬೇರೆ ಸಂದರ್ಭಗಳೂ ಇವೆ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನಷ್ಟೇ ವಿಲ್ ಮಾಡಬಹುದು, ಅದರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂದು ಬಿಡಿಸುವುದಕ್ಕೇ ಹಳೆಯ ಪಾಲುಪಟ್ಟಿಗಳನ್ನು ಓದಬಲ್ಲವರು ಬೇಕು. ಸರ್ಕಾರದಿಂದ ಮಂಜೂರಾದ ಜಮೀನು, ಗೇಣಿಯಿಂದ ಬಂದ ಜಮೀನು, ಎರಡು ಮದುವೆ, ವಿದೇಶದಲ್ಲಿರುವ ಆಸ್ತಿ ಇದ್ದರೂ ಹಾಗೆಯೇ.

ಇನ್ನೊಂದು ಎಚ್ಚರಿಕೆ. “ವಿಲ್ ಅಂದ್ರೂ ದಾನಪತ್ರ ಅಂದ್ರೂ ಒಂದೇ” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದಾನಪತ್ರ ನೋಂದಣಿಯಾಗಿ ಸ್ವೀಕಾರವಾದರೆ ಆಸ್ತಿ ಅವತ್ತೇ ಕೈಬಿಟ್ಟಂತೆ, ಮನಸ್ಸು ಬದಲಾಯಿತೆಂದು ಹರಿದುಹಾಕಲಾಗದು. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂನಡಿ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಉಪವಿಭಾಗಾಧಿಕಾರಿಯವರ ಮುಂದೆ ವಾಪಸ್ ಕೇಳಬಹುದು. ಆದರೆ ಆ ಷರತ್ತು ಪತ್ರದಲ್ಲೇ ಬರೆದಿದ್ದರೆ ಮಾತ್ರ ಹೋರಾಟ ಸುಲಭ.

ವಕೀಲರನ್ನು ಹುಡುಕುವಾಗ

ವಕೀಲರು ಜಾಹೀರಾತು ಕೊಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ನಿಷೇಧಿಸುತ್ತವೆ. ಹಾಗಾಗಿ ‘ನಂಬರ್ ಒನ್ ವಿಲ್ ವಕೀಲರು’ ಎಂಬ ಫಲಕ ಕಂಡರೆ ಅದನ್ನೇ ಅರ್ಹತೆ ಎಂದುಕೊಳ್ಳಬೇಡಿ. ಆಸ್ತಿಯಲ್ಲಿ ಇಷ್ಟು ಪಾಲು, ಗೆದ್ದರೆ ಇಷ್ಟು ಎಂದು ಶುಲ್ಕ ಮಾತಾಡುವುದಕ್ಕೂ ಅನುಮತಿಯಿಲ್ಲ. ಅವರ ಸನ್ನದು ಸಂಖ್ಯೆ ಕೇಳುವುದು ಅವಮಾನವೇನಲ್ಲ. ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆಗಳನ್ನು ನಡೆಸಿದ ಅನುಭವವಿದೆಯೇ ಎಂದು ಕೇಳಿ, ಏಕೆಂದರೆ ವಿಲ್ ಎಲ್ಲೆಲ್ಲಿ ಹರಿಯುತ್ತದೆ ಎಂದು ಗೊತ್ತಿರುವುದು ಹರಿದ ವಿಲ್‌ಗಳನ್ನು ಕಂಡವರಿಗೆ. ನಿಮ್ಮ ಮಗನ ಅಥವಾ ಅಳಿಯನ ಕೇಸು ನಡೆಸುತ್ತಿರುವವರು ಬೇಡ.

ಹೋಗುವಾಗ ಕ್ರಯಪತ್ರ, ಪಹಣಿ ಅಥವಾ ಇ-ಖಾತಾ, ಹಳೆಯ ಪಾಲುಪಟ್ಟಿ, ಸಾಲದ ವಿವರ, ವಂಶವೃಕ್ಷದ ಪ್ರತಿ ಒಯ್ಯಿರಿ. ದುಡ್ಡಿಲ್ಲ ಎಂದು ಸುಮ್ಮನಿರಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿಯನ್ನು ವಿಚಾರಿಸಬಹುದು, ಸಹಾಯವಾಣಿ ಸಂಖ್ಯೆ 15100.

ಬರೆದ ವಿಲ್ ಅನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟು ಯಾರಿಗೂ ಹೇಳದೆ ಹೋದವರ ಕತೆಗಳೂ ಬೇಕಾದಷ್ಟಿವೆ. ನೋಂದಣಿ ಬೇಡವೆನಿಸಿದರೆ ಮುಚ್ಚಿದ ಲಕೋಟೆಯಲ್ಲಿ ಹಾಕಿ ಜಿಲ್ಲಾ ನೋಂದಣಾಧಿಕಾರಿಯವರ ಬಳಿ ಠೇವಣಿ ಇಡಬಹುದು. ನಡೆಯಲಾಗದವರು ಸೂಕ್ತ ಕಾರಣ ತೋರಿಸಿ ಕೋರಿದರೆ ನೋಂದಣಿ ಅಧಿಕಾರಿ ಮನೆಗೇ ಬಂದು ವಿಲ್ ಸ್ವೀಕರಿಸುವುದಕ್ಕೂ 1908ರ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ.