ಉದ್ದರಿಗೂ ನಂಬಿಕೆಗೂ ಒಂದೇ ಮೂಲ: ಮೆಕ್ಸಿಕೊಗೆ ಹೊರಟ ವ್ಯಾಪಾರಿಗೆ ಕೆಲವು ವಿಚಾರಗಳು

ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ದರಿ" ಎಂಬ ಫಲಕವು ತಲೆಮಾರುಗಳಿಂದ ತೂಗಾಡುತ್ತ ಬಂದಿದೆ. ಇದೇ ಅರ್ಥದ "ಒಯ್ ನೊ ಫಿಯೊ, ಮಾನ್ಯಾನ ಸಿ" ಎಂಬ ಬರಹವು ಮೆಕ್ಸಿಕೊದ ಸಣ್ಣ ಅಂಗಡಿಗಳಲ್ಲಿಯೂ ಕಾಣಸಿಗುತ್ತದೆ. ಇಲ್ಲಿ ಬಂದಿರುವ 'ಫಿಯಾರ್' ಎಂಬ ಸ್ಪ್ಯಾನಿಷ್ ಕ್ರಿಯಾಪದಕ್ಕೆ ಉದ್ದರಿ ಕೊಡುವುದು ಎಂದು ಅರ್ಥ. ನಂಬಿಕೆಯನ್ನು ಸೂಚಿಸುವ 'ಕಾನ್ಫಿಯಾನ್ಸಾ' ಎಂಬ ಪದವೂ ಅದೇ ಮೂಲದ್ದು. ಆ ದೇಶದ ವ್ಯಾಪಾರ ಸಂಸ್ಕೃತಿಯ ಸಾರವೆಲ್ಲ ಈ ಎರಡು ಪದಗಳ ನಡುವಿನ ಸಂಬಂಧದಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಅಲ್ಲಿ ನಂಬಿಕೆ ಹುಟ್ಟದೆ ವ್ಯವಹಾರ ಹುಟ್ಟುವುದಿಲ್ಲ. ಆದರೆ ನಂಬಿಕೆ ಹುಟ್ಟಿದ ಮಾತ್ರಕ್ಕೆ ಉದ್ದರಿ ಕೊಡಬೇಕೆಂದೂ ಇಲ್ಲ. ಅವಸರದ ಉದ್ಯಮಿಯು ಮೊದಲನೆಯ ಮಾತನ್ನು ಮರೆತು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಆತಿಥ್ಯಕ್ಕೆ ಮರುಳಾದವನು ಎರಡನೆಯದನ್ನು ಮರೆತು ಬಂಡವಾಳವನ್ನೇ ಕಳೆದುಕೊಳ್ಳುತ್ತಾನೆ.

ಕರ್ನಾಟಕದಿಂದ ಹೋದ ಪ್ರವಾಸಿಗೆ ಮೆಕ್ಸಿಕೊ ಮೊದಲ ನೋಟಕ್ಕೇ ಪರಿಚಿತವೆನಿಸುತ್ತದೆ. ರಾಜಧಾನಿ ಮೆಕ್ಸಿಕೊ ನಗರದಲ್ಲಿ 1982ರಲ್ಲಿ ಆರಂಭವಾದ 'ಸೆಂತ್ರಾಲ್ ದೆ ಅಬಾಸ್ತೊ' ಎಂಬ ಸಗಟು ಮಾರುಕಟ್ಟೆಯು ಸುಮಾರು 327 ಹೆಕ್ಟೇರ್ ಪ್ರದೇಶದಲ್ಲಿ ಹರಡಿದೆ. ಅಲ್ಲಿನ ಒಣ ಮೆಣಸಿನಕಾಯಿ ಮಳಿಗೆಗಳಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ತಳಿಗಳನ್ನು ಕಂಡರೆ ಬ್ಯಾಡಗಿಯ ವರ್ತಕನಿಗೆ ತನ್ನ ಊರಿನ ನೆನಪಾಗದಿರದು. ಮೆಣಸಿನಕಾಯಿ, ಮೆಕ್ಕೆಜೋಳ, ಚೆಂಡು ಹೂವು ಇವೆಲ್ಲವುಗಳ ತವರು ಆ ನಾಡೇ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ ತಟ್ಟುವ 'ತೊರ್ತಿಯಾ' ಉತ್ತರ ಕರ್ನಾಟಕದ ರೊಟ್ಟಿಯ ಹತ್ತಿರದ ಬಂಧು. ಇಲ್ಲಿ ದಸರೆ, ದೀಪಾವಳಿಗಳಿಗೆ ಬೇಕಾಗುವ ಚೆಂಡು ಹೂವು ಅಲ್ಲಿ ನವೆಂಬರ್ 1 ಮತ್ತು 2ರಂದು ಅಗಲಿದ ಹಿರಿಯರ ಸ್ಮರಣೆಗೆ ಮನೆಮನೆಯಲ್ಲಿ ಮೀಸಲಾಗುತ್ತದೆ. ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ಮಾಂಸವಿಲ್ಲವೆಂದು ಬಡಿಸಿದ ಹುರುಳಿಕಾಯಿ ಬೀಜದ ಪಲ್ಯದಲ್ಲಿ ಹಂದಿಯ ಕೊಬ್ಬೂ, ಅನ್ನದಲ್ಲಿ ಕೋಳಿಯ ಸಾರೂ ಇರಬಹುದು. ಪರಿಚಿತವೆಂದು ಕಂಡದ್ದನ್ನು ವಿಚಾರಿಸದೆ ಒಪ್ಪಿಕೊಳ್ಳಬಾರದೆಂಬ ಈ ಎಚ್ಚರವು ಊಟಕ್ಕೆ ಮಾತ್ರ ಸೀಮಿತವಲ್ಲ.

ಮೊದಲ ಪರೀಕ್ಷೆ ಹೆಸರಿನದು. ಅಲ್ಲಿ ವ್ಯಕ್ತಿಗೆ ಸಾಮಾನ್ಯವಾಗಿ ಎರಡು ಕುಲನಾಮಗಳಿರುತ್ತವೆ. ಮೊದಲು ತಂದೆಯದು, ಅನಂತರ ತಾಯಿಯದು. 2018ರಿಂದ 2024ರವರೆಗೆ ಅಧ್ಯಕ್ಷರಾಗಿದ್ದ ಆಂದ್ರೆಸ್ ಮಾನುಯೆಲ್ ಲೋಪೆಸ್ ಒಬ್ರಾದೊರ್ ಅವರ ಹೆಸರಿನಲ್ಲಿ ಲೋಪೆಸ್ ತಂದೆಯ ಕಡೆಯದು, ಒಬ್ರಾದೊರ್ ತಾಯಿಯ ಕಡೆಯದು. ಕೊನೆಯ ಪದವನ್ನೇ ಮನೆತನದ ಹೆಸರೆಂದು ತಿಳಿದು ಪತ್ರ ಬರೆಯುವವರು ಆರಂಭದಲ್ಲಿಯೇ ಎಡವುತ್ತಾರೆ. 'ನೀನು', 'ನೀವು'ಗಳ ಭೇದವು ಸ್ಪ್ಯಾನಿಷಿನಲ್ಲಿಯೂ ಇದೆ. ಹೊಸ ಪರಿಚಯದಲ್ಲಿ 'ಉಸ್ತೆದ್' ಎಂಬ ಗೌರವರೂಪವನ್ನು ಬಳಸಿ, ಎದುರಿನವರು ಸಲುಗೆ ಕೊಡುವವರೆಗೆ ಕಾಯುವುದು ಲೇಸು. ವೃತ್ತಿಯಿಂದ ಸಂಬೋಧಿಸುವ ರೂಢಿಯೂ ಅಲ್ಲಿದೆ: ಪದವೀಧರರು 'ಲಿಸೆನ್ಸಿಯಾದೊ', ಎಂಜಿನಿಯರರು 'ಇಂಹೆನಿಯೆರೊ', ಲೆಕ್ಕಿಗರು 'ಕೊಂತಾದೊರ್'. ಲೆಕ್ಕಪರಿಶೋಧಕರನ್ನು 'ಆಡಿಟರ್ ಸಾಹೇಬರೇ' ಎಂದು ಕರೆಯುವ ಊರಿನವರಿಗೆ ಇದು ಹೊಸದೇನಲ್ಲ.

ಎರಡನೆಯದು ಕಾಲದ ಪರೀಕ್ಷೆ. ಮಧ್ಯಾಹ್ನದ ಊಟ ಎರಡು ಗಂಟೆಯ ನಂತರ ಆರಂಭವಾಗಿ ದೀರ್ಘವಾಗಿ ಸಾಗುವುದುಂಟು. ಊಟ ಮುಗಿದ ಮೇಲೂ ಮೇಜಿನ ಸುತ್ತ ಕುಳಿತು ಮಾತನಾಡುವುದಕ್ಕೆ 'ಸೊಬ್ರೆಮೆಸಾ' ಎಂಬ ಪ್ರತ್ಯೇಕ ಹೆಸರೇ ಇದೆ. ಕುಟುಂಬದ ಕ್ಷೇಮ, ಮಕ್ಕಳ ವಿದ್ಯಾಭ್ಯಾಸ, ಊರಿನ ಹಬ್ಬಗಳ ವಿಚಾರ ಬಂದ ಅನಂತರವೇ ದರದ ಮಾತು. ಇದನ್ನು ಕಾಲಹರಣವೆಂದು ಬಗೆದು ಕೈಗಡಿಯಾರ ನೋಡುವವನನ್ನು ಅವರು ಸೌಜನ್ಯದಿಂದಲೇ ಬೀಳ್ಕೊಡುತ್ತಾರೆ. ಖರೀದಿ ಆದೇಶ ಮಾತ್ರ ಬರುವುದಿಲ್ಲ. 'ಆಓರಿತಾ' ಎಂಬ ಪದಕ್ಕೆ ನಿಘಂಟಿನ ಅರ್ಥ 'ಈಗಲೇ'. ಬಳಕೆಯಲ್ಲಿ ಅದು ಐದು ನಿಮಿಷವಾದೀತು, ಸಂಜೆಯಾದೀತು, ಎಂದೂ ಆಗದೆಯೂ ಹೋದೀತು. 'ಈಗ ಬಂದೆ' ಎಂದು ಹೇಳಿ ಹೋಗುವವರ ನಾಡಿನಿಂದ ಬಂದವನು ಇದಕ್ಕೆ ಬೇಸರಪಡಬೇಕಾಗಿಲ್ಲ. ಇಲ್ಲಿ ವರ್ತಕರು ಸರಕು ಬೇಡವಾದಾಗ 'ನೋಡೋಣ' ಎನ್ನುವಂತೆ ಅಲ್ಲಿಯೂ 'ವಾಮೊಸ್ ಆ ವೆರ್' ಎನ್ನುತ್ತಾರೆ. ಪದಶಃ ಅರ್ಥವೂ ಅದೇ. ಆ ಮಾತನ್ನು ಆದೇಶವೆಂದು ನಂಬಿ ಕಚ್ಚಾವಸ್ತು ಖರೀದಿಸುವುದು ವಿವೇಕವಲ್ಲ.

ಮೂರನೆಯದು ಅಂಕಿಗಳ ಪರೀಕ್ಷೆ. ಮೆಕ್ಸಿಕೊದ ಪೆಸೊ ನಾಣ್ಯಕ್ಕೂ ಅಮೆರಿಕದ ಡಾಲರಿಗೂ ಬಳಸುವ ಚಿಹ್ನೆ ಒಂದೇ. ದರಪಟ್ಟಿಯಲ್ಲಿ 'ಎಂ.ಎನ್.' ಅಥವಾ 'ಎಂ.ಎಕ್ಸ್.ಎನ್.' ಎಂದಿದ್ದರೆ ಅದು ಪೆಸೊ. ಏನೂ ನಮೂದಿಸಿರದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಇಂಗ್ಲಿಷಿನ ಬಿಲಿಯನ್ ಎಂದರೆ ನೂರು ಕೋಟಿ. ಸ್ಪ್ಯಾನಿಷಿನ 'ಬಿಯೋನ್' ಎಂದರೆ ಒಂದು ಲಕ್ಷ ಕೋಟಿ. ಕಾಲವ್ಯತ್ಯಾಸವೂ ಗಮನಾರ್ಹ. ಮೆಕ್ಸಿಕೊ ನಗರದಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ.

ಇನ್ನು ಉದ್ದರಿಯ ಪ್ರಶ್ನೆ. ಮನೆಗೆ ಕರೆದು ಉಣಬಡಿಸಿದವರ ಬಳಿ ಭದ್ರತೆ ಕೇಳುವುದು ಹೇಗೆಂಬ ಸಂಕೋಚ ಸಹಜವಾದದ್ದು. ಆದರೆ ಈ ಸಂಕೋಚಕ್ಕೆ ಕಾರಣವಿಲ್ಲ. ಮೆಕ್ಸಿಕೊದ ವರ್ತಕರು ತಮ್ಮತಮ್ಮಲ್ಲಿಯೇ 'ಪಗಾರೆ' ಎಂಬ ವಾಗ್ದಾನಪತ್ರವನ್ನು ಬರೆಸಿಕೊಳ್ಳುತ್ತಾರೆ. 1932ರ ಕಾಯಿದೆಯಿಂದ ಬಲ ಪಡೆದಿರುವ ಈ ಪತ್ರದ ಆಧಾರದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ವಿಶೇಷ ವಸೂಲಿ ಮೊಕದ್ದಮೆ ಹೂಡಬಹುದು. ಅಂದಮೇಲೆ ಕಾಗದ ಕೇಳುವುದು ಅಲ್ಲಿ ಅಪಮಾನವಲ್ಲ, ವ್ಯವಹಾರಜ್ಞಾನದ ಕುರುಹು. ಖರೀದಿದಾರರ ಆರ್.ಎಫ್.ಸಿ. ಎಂಬ ತೆರಿಗೆ ನೋಂದಣಿ ಸಂಖ್ಯೆಯನ್ನು ಪಡೆಯುವುದು, ಮೊದಲ ಕೆಲವು ರವಾನೆಗಳಿಗೆ ಮುಂಗಡ ಹಣ ಅಥವಾ ಬ್ಯಾಂಕಿನ ಸಾಲಪತ್ರವನ್ನು ಕೋರುವುದು, ಉದ್ದರಿ ಕೊಡಲೇಬೇಕಾದಾಗ ರಫ್ತು ಸಾಲ ಖಾತರಿ ನಿಗಮದ ವಿಮೆಯನ್ನು ಮಾಡಿಸುವುದು ಕನಿಷ್ಠ ಕ್ರಮಗಳು. ರಫ್ತಿನ ಹಣವು ರಿಸರ್ವ್ ಬ್ಯಾಂಕ್ ವಿಧಿಸಿದ ಅವಧಿಯೊಳಗೆ ಬಾರದಿದ್ದರೆ ಉತ್ತರ ಹೇಳಬೇಕಾದವನು ರಫ್ತುದಾರನೇ ಹೊರತು ಗಿರಾಕಿಯಲ್ಲ.

ಈ ಎಚ್ಚರಿಕೆಗೆ ಈಗ ಇನ್ನೊಂದು ಕಾರಣವೂ ಒದಗಿದೆ. ಭಾರತ ಮತ್ತು ಮೆಕ್ಸಿಕೊಗಳ ನಡುವೆ ಮುಕ್ತ ವ್ಯಾಪಾರ ಒಪ್ಪಂದವಿಲ್ಲ. ಅಂತಹ ಒಪ್ಪಂದವಿಲ್ಲದ ದೇಶಗಳಿಂದ ಬರುವ ಸಾವಿರಕ್ಕೂ ಹೆಚ್ಚು ಬಗೆಯ ಸರಕುಗಳ ಮೇಲೆ ಆಮದು ಸುಂಕವನ್ನು ಏರಿಸಲು ಮೆಕ್ಸಿಕೊದ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಅನುಮೋದನೆ ನೀಡಿತು. 2026ರ ಜನವರಿ 1ರಿಂದ ಜಾರಿಗೆ ಬಂದ ಈ ಸುಂಕವು ಕೆಲವು ಸರಕುಗಳಿಗೆ ಶೇ. 50ರವರೆಗೆ ತಲುಪಿತು. ವಾಹನಗಳ ಬಿಡಿಭಾಗಗಳು, ಜವಳಿ, ಉಕ್ಕು, ಪ್ಲಾಸ್ಟಿಕ್ ಮೊದಲಾದವು ಈ ವ್ಯಾಪ್ತಿಗೆ ಒಳಪಟ್ಟವು. ಸುಂಕ ಏರಿದಾಗ ಖರೀದಿದಾರನು ದರ ಇಳಿಸಲು ಇಲ್ಲವೆ ಪಾವತಿಯ ಅವಧಿ ಹೆಚ್ಚಿಸಲು ಕೇಳುತ್ತಾನೆ. ಲಾಭಾಂಶ ತೆಳುವಾದ ಹೊತ್ತಿನಲ್ಲಿ ಒಂದೇ ಒಂದು ರವಾನೆಯ ಹಣ ಮುಳುಗಿದರೂ ಸಣ್ಣ ಕಾರ್ಖಾನೆಯ ವರ್ಷದ ದುಡಿಮೆ ನೀರುಪಾಲಾಗುತ್ತದೆ.

ಪಾವತಿಯ ದಿನಾಂಕ ಗೊತ್ತುಮಾಡುವಾಗ ಅಲ್ಲಿನ ಪಂಚಾಂಗವನ್ನೂ ನೋಡಬೇಕು. ಡಿಸೆಂಬರ್ 12ರ ಗ್ವಾದಲೂಪೆ ಮಾತೆಯ ಉತ್ಸವದಿಂದ ಜನವರಿ 6ರ ಮೂವರು ರಾಜರ ಹಬ್ಬದವರೆಗೆ ಕಚೇರಿಗಳ ಕೆಲಸ ಮಂದವಾಗುತ್ತದೆ. ಡಿಸೆಂಬರ್ 20ರೊಳಗೆ ಪ್ರತಿಯೊಬ್ಬ ಮಾಲೀಕನೂ ನೌಕರರಿಗೆ ಕನಿಷ್ಠ 15 ದಿನಗಳ ವೇತನದಷ್ಟು 'ಅಗಿನಾಲ್ದೊ' ಎಂಬ ವರ್ಷಾಂತ್ಯದ ಬೋನಸ್ ಕೊಡಬೇಕೆಂಬುದು ಕಾನೂನು. ಆ ದಿನಗಳಲ್ಲಿ ಖರೀದಿದಾರನ ಕೈಯಲ್ಲಿ ನಗದು ಬಿಗಿಯಾಗಿರುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಬರುವ ಹಣವನ್ನು ನೆಚ್ಚಿ ಇಲ್ಲಿ ಚೆಕ್ಕು ಕೊಡುವುದು ಅಪಾಯಕರ.

ಇಷ್ಟೆಲ್ಲ ತೊಡಕಿರುವಾಗ ದಲ್ಲಾಳಿಯೊಬ್ಬನಿಗೆ ಎಲ್ಲವನ್ನೂ ಒಪ್ಪಿಸಿ ಸುಮ್ಮನಿರುವುದೇ ಮೇಲಲ್ಲವೆ ಎಂದು ಕೆಲವರು ಕೇಳಬಹುದು. ದಲ್ಲಾಳಿಯ ಸೇವೆಗೆ ಬೆಲೆ ಇದೆ. ಆದರೆ ಅವನ ಮೂಲಕ ಬೆಳೆದ ನಂಬಿಕೆ ಅವನ ಖಾತೆಗೇ ಜಮೆಯಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಖುದ್ದಾಗಿ ಹೋಗುವ, ನೂರಿನ್ನೂರು ಸ್ಪ್ಯಾನಿಷ್ ಪದಗಳನ್ನು ಕಲಿಯುವ, ಗಿರಾಕಿಯ ಹೆಸರನ್ನು ಸರಿಯಾಗಿ ಬರೆಯುವ ಉದ್ಯಮಿಗೆ ಆ ಜಮೆ ನೇರವಾಗಿ ಸಲ್ಲುತ್ತದೆ. ಸಂಬಂಧಕ್ಕೆ ಸಮಯ ಕೊಡುವುದನ್ನು ಕರ್ನಾಟಕದ ಪೇಟೆಗಳು ಯಾರಿಂದಲೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು, ಆ ಸಂಬಂಧದ ಬೆಚ್ಚಗಿನ ಮಾತುಗಳ ನಡುವೆಯೂ ಷರತ್ತುಗಳನ್ನು ಬರೆಸಿ ಸಹಿ ಪಡೆಯುವ ಶಿಸ್ತನ್ನು.